ಬಾಗಿಲ ಮುಂದಿನ ಕಬ್ಬಿಣ

ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಇದ್ದ ಇಳಿಜಾರು ಸಂಜೆ ಬರುವಷ್ಟರಲ್ಲಿ ಇರಲಿಲ್ಲ. ಮಂಡ್ಯದ ಗುತ್ತಲು ಬಡಾವಣೆಯ ಆ ಬೀದಿಗೆ ಚರಂಡಿ ಕೆಲಸ ಬರುತ್ತದೆಂದು ವರ್ಷದಿಂದ ಮಾತಿತ್ತು. ಬಂದ ದಿನ ಜೆಸಿಬಿ ಒಂದೊಂದೇ ಮನೆಯ ಮುಂದಿನ ಸಿಮೆಂಟ್ ಇಳಿಜಾರನ್ನು ಹಲ್ಲು ಕಿತ್ತ ಹಾಗೆ ಕಿತ್ತುಹಾಕಿತ್ತು. ಸೌಮ್ಯ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ನೋಡಿದಳು. ಮೊಣಕಾಲೆತ್ತರದಲ್ಲಿ ತನ್ನ ಮನೆ ಇತ್ತು, ಕೆಳಗೆ ತಾನಿದ್ದಳು.

ಅವಳದು ಹಿಂದಿನ ಚಕ್ರದ ಎರಡು ಪಕ್ಕಕ್ಕೂ ಪುಟ್ಟ ಚಕ್ರ ಕೂಡಿಸಿದ ಸ್ಕೂಟರು. ಮಗುವಾಗಿದ್ದಾಗ ಬಂದ ಪೋಲಿಯೊ ಬಲಗಾಲನ್ನು ಒಣಗಿಸಿತ್ತು. ಕಬ್ಬಿಣದ ಪಟ್ಟಿಯ ಬೂಟು ಹಾಕಿ, ಊರುಗೋಲು ಹಿಡಿದು ಸಮನೆಲದಲ್ಲಿ ನಡೆಯಬಲ್ಲಳು. ಮೆಟ್ಟಿಲು ಕಂಡರೆ ಮಾತ್ರ ಯಾರದಾದರೂ ಭುಜ ಹುಡುಕಬೇಕು. ಇಷ್ಟು ವರ್ಷ ಅದರ ಗೋಜೇ ಇರಲಿಲ್ಲ. ಬೀದಿಯಿಂದ ನೇರ ಇಳಿಜಾರು ಹತ್ತಿ, ಪೋರ್ಟಿಕೋದೊಳಗೆ ಗಾಡಿ ನಿಲ್ಲಿಸಿ, ಎರಡು ಹೆಜ್ಜೆಗೆ ನಡುಮನೆ ಸೇರುತ್ತಿದ್ದಳು. ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಮಣ್ಣು ಪರೀಕ್ಷೆ ವಿಭಾಗದಲ್ಲಿ ಗುತ್ತಿಗೆ ಕೆಲಸ; ಹೋಗುವುದು ಬರುವುದು ಅವಳಿಗೂ ಗಾಡಿಗೂ ಬಿಟ್ಟ ವಿಷಯವಾಗಿತ್ತು.

ಆ ಸಂಜೆ ಗಂಡ ರವಿಚಂದ್ರ, ಮಾವ ಅಂಕಯ್ಯ ಇಬ್ಬರೂ ಸೇರಿ ಗಾಡಿಯನ್ನು ಎತ್ತಿ ಒಳಗಿಟ್ಟರು. ಆಮೇಲೆ ಅವಳನ್ನು ಹತ್ತಿಸಿದರು. ಊಟಕ್ಕೆ ಕೂತಾಗ ಅಂಕಯ್ಯ ಮುದ್ದೆ ಮುರಿಯುತ್ತಾ ಹೇಳಿದ, "ಏನ್ ಮಹಾ ಆಯ್ತು ಈಗ? ಮಡಚೋ ರ‍್ಯಾಂಪು ಮಾಡಾಕ್ತೀನಿ. ಕಬ್ಬಿನ ಟ್ರೈಲರ್ ಕಟ್ಟೋನ್ಗೆ ಇದೊಂದು ಕೆಲ್ಸವಾ?"

"ಒಸಿ ಅಗುರವಾಗಿ ಮಾಡಪ್ಪ," ಎಂದ ರವಿಚಂದ್ರ.

"ಅಗುರ ಮಾಡುದ್ರೆ ಬಾಗ್ತದೆ ಕಣ್ಲಾ. ಸೊಸೆ ಬಿದ್ರೆ ನಿಮ್ಮಾವ ಬಂದು ಕೇಳ್ದಾಗ ನೀನು ಮೊಖ ತೋರುಸ್ತೀಯಾ?"

ಮಂಡ್ಯದ ಸುತ್ತಮುತ್ತ ಅಂಕಯ್ಯ ಕಟ್ಟಿದ ಟ್ರೈಲರಿನ ಅಚ್ಚು ಮುರಿದದ್ದನ್ನು ಕಂಡವರಿಲ್ಲ. ಆಲೆಮನೆಯವರೂ ಕಾರ್ಖಾನೆಗೆ ಕಬ್ಬು ಹೊಡೆಯುವವರೂ ಸರತಿ ನಿಂತು ಅವನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುತ್ತಿದ್ದರು. ಅವನು ಟೇಪು ತಂದು ಸ್ಕೂಟರಿನ ಅಗಲ ಹಿಡಿದ, ಚಕ್ರ ಚಕ್ರದ ನಡುವಿನ ಅಂತರ ಹಿಡಿದ, ಗೇಟಿನ ಎತ್ತರ ಹಿಡಿದ. ಎಲ್ಲವನ್ನೂ ಸೀಮೆಸುಣ್ಣದಲ್ಲಿ ಪೋರ್ಟಿಕೋ ನೆಲದ ಮೇಲೇ ಬರೆದುಕೊಂಡ. ಅತ್ತೆ ಪಟ್ಟಲಮ್ಮ ನೆಲ ಸಾರಿಸುವಾಗ ಅಷ್ಟು ಜಾಗ ಬಿಟ್ಟು ಸಾರಿಸಿದಳು.

ರ‍್ಯಾಂಪು ಸಿದ್ಧವಾಗಿ ಟೆಂಪೋದಲ್ಲಿ ಬಂದದ್ದು ಶನಿವಾರ. ಪಟ್ಟಲಮ್ಮ ಗೇಟಿಗೆ ಅಡ್ಡ ನಿಂತಳು.

"ಶನಿವಾರ ಕಬ್ಣ ಒಳೀಕೆ ತರಂಗಿಲ್ಲ."

"ಏನಮ್ಮಿ ನೀನು? ಮದ್ವೆ ಆದಾಗಿಂದ ಶನಿವಾರಾನೂ ಕಬ್ಣ ಬಡ್ದೇ ನಿಂಗೆ ಇಟ್ಟು ಆಕಿವ್ನಿ."

"ಅದು ಅಂಗ್ಡಿ, ಇದು ಮನೆ. ಅಂಗ್ಡಿ ಶನಿ ಅಂಗ್ಡೀಲೇ ಇರ್ಲಿ."

ಕೊನೆಗೆ ರ‍್ಯಾಂಪನ್ನು ಕರೆಂಟು ಕಂಬಕ್ಕೆ ಸರಪಳಿ ಹಾಕಿ ಕಟ್ಟಿ, ಭಾನುವಾರ ಅರಿಸಿನ ಕುಂಕುಮ ಹಚ್ಚಿ ಒಳಗೆ ತಂದದ್ದಾಯಿತು. ಎದುರು ಮನೆಯ ಮರಿತಾಯಮ್ಮ ಕಾಫಿ ಲೋಟ ಹಿಡಿದುಕೊಂಡೇ ಬಂದು ನೋಡಿದಳು. "ಅಂಕಣ್ಣ, ಇದ್ರ ಮ್ಯಾಲೆ ಸ್ಕೂಟ್ರು ಬುಡ್ತೀರೋ ಲಾರಿ ಬುಡ್ತೀರೋ?"

ಕೆಲಸವೇನೋ ಅಚ್ಚುಕಟ್ಟು. ಚಕ್ರ ಜಾರದಂತೆ ಗೆರೆಯೆದ್ದ ದಪ್ಪ ತಗಡಿನ ಎರಡು ಹಲಗೆ, ಮಧ್ಯೆ ಕೀಲು. ಮಡಚಿದರೆ ಪುಸ್ತಕದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಎರಡು ತುದಿಗೂ ಹಿಡಿ. ಪೋರ್ಟಿಕೋದೊಳಗೆ ಮುಂದಿನ ಚಕ್ರ ಕಚ್ಚಿಕೊಂಡು ನಿಲ್ಲಲು ಒಂದು ಸ್ಟ್ಯಾಂಡನ್ನೂ ಮಾಡಿದ್ದ. ಸೌಮ್ಯ ಹತ್ತಿಸಿದಾಗ ಗಾಡಿ ಎಲ್ಲೂ ಅಲುಗಲಿಲ್ಲ. ಅವಳು ಸೀಟಿನಿಂದ ಇಳಿಯುವಾಗಲೂ ಚಕ್ರ ಸ್ಟ್ಯಾಂಡಿನಲ್ಲಿ ಗಟ್ಟಿಯಾಗಿ ಕೂತಿತ್ತು. "ಚೆನ್ನಾಗದೆ ಮಾವ," ಎಂದಳು, ಮನಸ್ಸಿಟ್ಟೇ. ಅಂಕಯ್ಯ ಮೀಸೆ ಸವರಿಕೊಂಡ.

ಮೊದಲ ವಾರ ಯಾರೂ ಏನೂ ಅನ್ನಲಿಲ್ಲ. ರ‍್ಯಾಂಪನ್ನು ಹೊರಗೇ ಬಿಡುವಂತಿರಲಿಲ್ಲ. ಬೀದಿ ಇಕ್ಕಟ್ಟು, ಸ್ಕೂಲ್ ವ್ಯಾನಿಗೆ ಅಡ್ಡ. ಮೇಲಾಗಿ ಹಗಲಲ್ಲೇ ಮೋರಿ ಮುಚ್ಚಳ ಕದ್ದೊಯ್ಯುವ ಜನ ಓಡಾಡುತ್ತಿದ್ದರು. ಹಾಗಾಗಿ ಬೆಳಗ್ಗೆ ಒಮ್ಮೆ ಬಿಡಿಸಬೇಕು, ಅವಳು ಇಳಿದ ಮೇಲೆ ಮಡಚಿ ಒಳಗಿಡಬೇಕು, ಸಂಜೆ ಮತ್ತೆ ಅದೇ. ಕಬ್ಬಿನ ಭಾರಕ್ಕೆ ಒಗ್ಗಿದ ಕೈಯಲ್ಲಿ ಮಾಡಿದ್ದು, ತೂಕವೂ ಹಾಗೇ ಇತ್ತು. ಇಬ್ಬರು ಗಂಡಸರಿಗೆ ಅದು ಒಂದು ನಿಮಿಷದ ಕೆಲಸ. ಆದರೆ ಅಂಕಯ್ಯ ಬೆಳಗಾಗುತ್ತಲೇ ಅಂಗಡಿಗೆ ಹೋಗುತ್ತಿದ್ದ. ರವಿಚಂದ್ರನಿಗೆ ಗೆಜ್ಜಲಗೆರೆ ಡೇರಿಯಲ್ಲಿ ಶಿಫ್ಟು. ಮನೆಯಲ್ಲಿ ಉಳಿಯುವವರು ಪಟ್ಟಲಮ್ಮ, ಬಿ.ಎಡ್. ಓದುತ್ತಿದ್ದ ನಾದಿನಿ ಮೋಹಿನಿ.

"ಅತ್ಗೆ, ಇವತ್ತು ಎಷ್ಟೊತ್ತಿಗೆ ಬತ್ತೀರಿ?"

"ಐದೂವರೆ ಆಗ್ಬೋದು."

"ಆಗ್ಬೋದು ಅಂದ್ರೆ ಆಗಲ್ಲ. ನಂಗೆ ಟೆಸ್ಟದೆ. ನೀವು ಆರು ಗಂಟೆಗೆ ಬಂದ್ರೆ ಅವ್ವ ಒಬ್ಳೇ ಆಯ್ತಾಳೆ."

ಸೌಮ್ಯ ಆಫೀಸು ಬಿಡುವಾಗ ಫೋನು ಮಾಡುವುದನ್ನು ರೂಢಿ ಮಾಡಿಕೊಂಡಳು. ಫೋನು ಮಾಡಿದ ಮೇಲೆ ದಾರಿಯಲ್ಲಿ ಸೊಪ್ಪಿಗೆ ನಿಲ್ಲಿಸುವುದನ್ನು ಬಿಟ್ಟಳು. ಅಲ್ಲಿ ಬಾಗಿಲಲ್ಲಿ ಇಬ್ಬರು ಕಾದಿರುತ್ತಾರೆ. ಗೆಳತಿ ಸ್ಪಂದನಾ ಕ್ಯಾಂಟೀನಿಗೆ ಕರೆದರೆ ಗಡಿಯಾರ ನೋಡಿದಳು. ಬಸರಾಳಿನಲ್ಲಿ ರೈತರ ಮಣ್ಣಿನ ಮಾದರಿ ತೆಗೆಯುವ ಶಿಬಿರಕ್ಕೆ ಸಾಹೇಬರು ಹೆಸರು ಕೇಳಿದಾಗ, ಸಂಜೆ ತಡವಾಗುತ್ತದೆ ಸರ್, ಎಂದಳು. ಒಂದು ದಿನ ಗೇಟಿನ ಮುಂದೆ ಹಾರ್ನ್ ಹೊಡೆದು ಹೊಡೆದು ಸಾಕಾಯಿತು. ಒಳಗೆ ಮಿಕ್ಸಿ ಓಡುತ್ತಿತ್ತು. ಬಾಗಿಲು ತೆಗೆದ ಪಟ್ಟಲಮ್ಮನ ಕೈಯಲ್ಲಿ ಖಾರದ ಕೆಂಪು, ಮುಖದಲ್ಲಿ ಬೆವರು.

"ಆರ್ನ್ ಒಡೀಬ್ಯಾಡ ಮಗ. ಬೀದಿಯೋರೆಲ್ಲ ನೋಡ್ತಾರೆ. ಬಂದೆ ಬಂದೆ."

"ನಾನೂ ಒಂದ್ ಕೈ ಹಾಕ್ತೀನಿ ಅತ್ತೆ."

"ನೀನ್ ಕೈ ಆಕುದ್ರೆ ನಿನ್ನ ಇಡ್ಕೊಳ್ಳೋಕೆ ಇನ್ನೊಬ್ರು ಬೇಕು. ಕೂತ್ಕ ಸುಮ್ನೆ."

ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಆದರೂ ಅಂದಿನಿಂದ ಸೌಮ್ಯ ಮನೆಯವರ ಮುಖ ನೋಡಿ ಮಾತಾಡತೊಡಗಿದಳು. ಬೆಳಗ್ಗೆ ಬೇಗ ಎದ್ದು ಎಲ್ಲರಿಗೂ ತಾನೇ ಕಾಫಿ ಕಾಯಿಸಿದಳು. ಮೋಹಿನಿ ಉಪ್ಸಾರಿಗೆ ಉಪ್ಪು ಸಾಲದೆಂದರೆ, ಮೊದಲಾದರೆ ಡಬ್ಬಿ ತೋರಿಸುತ್ತಿದ್ದವಳು, ಈಗ ತಾನೇ ಎದ್ದು ತಂದಳು.

ಪಟ್ಟಲಮ್ಮನಿಗೂ ಸುಖವಿರಲಿಲ್ಲ. ಹಲಗೂರಿನಲ್ಲಿ ತಂಗಿಯ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಹಿಂದಿನ ದಿನವೇ ಹೋಗಿ ಉಳಿಯುವ ಆಸೆ.

"ಓಗವ್ವ, ಯಾರು ಬ್ಯಾಡ ಅಂದೋರು?" ಎಂದ ರವಿಚಂದ್ರ ತಟ್ಟೆಯಿಂದ ತಲೆಯೆತ್ತದೆ.

"ನಾನು ಓದ್ರೆ ಆ ಕಬ್ಣ ಎತ್ತೋರ‍್ಯಾರ‍್ಲಾ? ನೀನು ಡೇರಿ ಬುಟ್ಟು ಬತ್ತೀಯಾ?"

"ಗಾಡಿನ ಮರಿತಾಯಮ್ಮನ ಗೋಡೆ ಪಕ್ಕ ನಿಲ್ಸುದ್ರಾಯ್ತಪ್ಪ."

"ಗಾಡಿ ಅಲ್ಲಿ ನಿಂತ್ರೆ ಇವ್ಳು ಇಲ್ಲಿಗೆ ಆರ್ಕೊಂಡು ಬತ್ತಾಳಾ?"

ಸೌಮ್ಯ ಸಾರಿನ ಸೌಟು ಹಿಡಿದುಕೊಂಡೇ ಕೂತಿದ್ದಳು. ತನ್ನ ಬಗ್ಗೆ, ತನ್ನೆದುರೇ, ತನ್ನನ್ನು ಬಿಟ್ಟು ಮಾತು ನಡೆಯುತ್ತಿತ್ತು. ಪಟ್ಟಲಮ್ಮ ಹಲಗೂರಿಗೆ ಹೋಗಲಿಲ್ಲ.

ಮರುವಾರ ಒಂದು ಬೆಳಗ್ಗೆ ಮೋಹಿನಿ ಸ್ನಾನಕ್ಕೆ ಹೋಗಿದ್ದಳು. ರ‍್ಯಾಂಪು ಹಾಸಿ ಆಗಿತ್ತು. ಸೌಮ್ಯ ಬೀದಿಗೆ ಇಳಿದು ತಿರುಗಿ ನೋಡಿದಳು.

"ಮೋಹಿನಿ ಬರ್ಲಿ ಅತ್ತೆ. ಒಬ್ರೇ ಎತ್ಬೇಡಿ."

"ಬತ್ತಾಳೆ ಬತ್ತಾಳೆ. ನಿಂಗೆ ಒತ್ತಾಯ್ತದೆ, ಓಗು ಮಗ."

ಆಫೀಸಿನಲ್ಲಿ ಹಾಜರಿಗೆ ಬೆರಳು ಒತ್ತುವ ಹೊತ್ತು ಮೀರುತ್ತಿತ್ತು. ತಿರುವಿನಲ್ಲಿ ಕನ್ನಡಿಯಲ್ಲಿ ಕಂಡದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದ ಪಟ್ಟಲಮ್ಮ. ಆಫೀಸು ತಲುಪಿ ಕುರ್ಚಿಯ ಮೇಲೆ ಕೂರುವ ಮುಂಚೆಯೇ ಫೋನು ಬಂತು. ಹಿಡಿ ಜಾರಿ ಮೇಲಿನ ಹಲಗೆ ಬಿದ್ದಿತ್ತು, ಬಲಗೈಯ ಎರಡು ಬೆರಳು ಕೀಲಿನ ಸಂದಿಯಲ್ಲಿ ಸಿಕ್ಕಿದ್ದವು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಬೆರಳುಗಳಿಗೆ ಪಟ್ಟಿ ಕಟ್ಟಿ ಕಳಿಸಿದರು. ಮೂಳೆ ಬಿರುಕು ಬಿಟ್ಟಿದೆ, ಕೂಡುತ್ತದೆ, ಆದರೆ ಮೊದಲಿನ ಹಾಗೆ ಮಡಚಲಿಕ್ಕೆ ಬರುವುದು ಕಷ್ಟ ಎಂದರು. ಸೌಮ್ಯ ಆಫೀಸಿನಿಂದ ಹಿಂತಿರುಗಿ, ಗಾಡಿಯನ್ನು ಎದುರು ಗೋಡೆಯ ಪಕ್ಕ ಬಿಟ್ಟು, ಮಾವನ ಭುಜ ಹಿಡಿದು ಒಳಗೆ ಬಂದಿದ್ದಳು. ಮಧ್ಯಾಹ್ನ ಪಟ್ಟಲಮ್ಮನ ಮುಂದೆ ಮುದ್ದೆ, ಹುರುಳಿಕಾಳು ಸಾರು ಇಟ್ಟಾಗ ಅವಳು ತಟ್ಟೆಯನ್ನೇ ನೋಡುತ್ತಾ ಕೂತಳು. ಎಡಗೈಯಲ್ಲಿ ಮುದ್ದೆ ಉಂಡು ಗೊತ್ತಿಲ್ಲ. ಸೌಮ್ಯ ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಯ ಹತ್ತಿರ ತಂದಳು.

"ನಾನೇನ್ ಕೂಸಾ? ಚಮಚ ಕೊಡು."

ಚಮಚಕ್ಕೆ ಮುದ್ದೆ ಅಂಟಿಕೊಂಡು ಬರಲೇ ಇಲ್ಲ. ಪಟ್ಟಲಮ್ಮ ಅಳುತ್ತಾಳೆಂದು ಸೌಮ್ಯ ಅಂದುಕೊಂಡಳು. ಅವಳು ನಕ್ಕಳು. "ಪ್ಯಾಟೆಯೋರು ಎಂಗ್ ತಿಂತಾರೋ ಕಾಣೆ. ಕೊಡು, ನೀನೇ ಕೊಡು."

ಮೋಹಿನಿ ಬಾಗಿಲಿಗೊರಗಿ ನಿಂತಿದ್ದಳು. "ಅವ್ವನ ಕೈ ಆಯ್ತು. ಇನ್ನು ನಂದೋ, ಅಪ್ಪಂದೋ."

"ಬಾಯ್ಮುಚ್ಚೆ. ನೀನು ನೀರು ಉಯ್ಕೊಳ್ಳೋದು ಬಿರ್ನೆ ಮುಗ್ಸಿದ್ರೆ ಇದಾಯ್ತಿರ್ಲಿಲ್ಲ," ಎಂದಳು ಪಟ್ಟಲಮ್ಮ. ಮೋಹಿನಿ ಕಣ್ಣು ತುಂಬಿಕೊಂಡು ರೂಮು ಸೇರಿದಳು.

ಅಂಕಯ್ಯ ಅಂದು ಊಟಕ್ಕೆ ಕೂರಲಿಲ್ಲ. ಟೆಂಪೋ ತಂದು ರ‍್ಯಾಂಪನ್ನು ಹೇರಿಸಿಕೊಂಡು ಹೋದ. ಏನು ಮಾಡುತ್ತೀರೆಂದು ಸೌಮ್ಯ ಕೇಳಿದಳು. "ಕೊಯ್ದು ಗುಜ್ರಿಗೆ ಆಕ್ತೀನಿ," ಎಂದ, ಅವಳ ಕಡೆ ನೋಡದೆ.

ಸೌಮ್ಯ ರಜೆ ಹಾಕಿದಳು. ಗಾಡಿ ಮರಿತಾಯಮ್ಮನ ಗೋಡೆಯ ಪಕ್ಕ ಧೂಳು ತಿನ್ನುತ್ತಾ ನಿಂತಿತ್ತು. ಅಡುಗೆ, ಪಾತ್ರೆ, ಅತ್ತೆಗೆ ತುತ್ತು, ಮಾತ್ರೆ ಎಲ್ಲವನ್ನೂ ತಾನೇ ನೋಡಿಕೊಂಡಳು. ಮನೆ ಶಾಂತವಾಗಿತ್ತು. ಆ ಶಾಂತಿಯೇ ಅವಳಿಗೆ ಭಯ ತಂದಿತು. ಎಲ್ಲರೂ ಏನನ್ನೋ ತೀರ್ಮಾನಿಸಿ ಆಗಿದೆ, ತನಗೆ ಹೇಳುವುದೊಂದು ಬಾಕಿ ಇದೆ ಅನ್ನುವ ಹಾಗಿತ್ತು.

ಹಾಗೇ ಆಗಿತ್ತು. ಒಂದು ಮಧ್ಯಾಹ್ನ ಸ್ಪಂದನಾ ಫೋನು ಮಾಡಿದಳು.

"ಏನ್ ಸೌಮ್ಯ, ಹೇಳ್ದೆ ಕೇಳ್ದೆ ಕೆಲ್ಸ ಬಿಡ್ತಿದ್ದೀರಂತೆ? ಮುಂದಿನ ತಿಂಗಳಿಂದ ಬರಲ್ಲ ಅಂತ ನಿಮ್ಮ ಯಜಮಾನ್ರು ಸಾಹೇಬ್ರಿಗೆ ಫೋನ್ ಮಾಡಿದ್ರಂತಲ್ಲ."

ಸಂಜೆ ರವಿಚಂದ್ರ ಬಂದ. ಅವನು ಕೈಕಾಲು ತೊಳೆದು, ಊಟ ಬಡಿಸುವವರೆಗೂ ಸೌಮ್ಯ ತಡೆದುಕೊಂಡಳು. ಆಮೇಲೆ ಕೇಳಿದಳು.

"ಆಫೀಸಿಗೆ ಫೋನ್ ಮಾಡಿದ್ರಾ?"

ಅವನು ತುತ್ತು ನುಂಗಿದ. "ಮಾಡ್ದೆ. ಇನ್ನೇನ್ ಮಾಡ್ಬೇಕಿತ್ತು? ಅವ್ವನ ಕೈ ನೋಡು."

"ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

"ಅದ್ಕೇ ಕೇಳ್ಲಿಲ್ವಾ?"

ರವಿಚಂದ್ರ ಉತ್ತರಕ್ಕೆ ತಾಯಿಯ ಕಡೆ ನೋಡಿದ. "ನೀನಾದ್ರೂ ಏಳವ್ವ. ಇವ್ಳ ಸಂಬ್ಳ ಇಲ್ದಿದ್ರೆ ನಾವೇನ್ ಉಪಾಸ ಬೀಳ್ತೀವಾ?"

ಪಟ್ಟಲಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇವ್ಳು ಕೆಲ್ಸ ಬುಟ್ರೆ ನನ್ ಬೆಳ್ಳು ನೆಟ್ಗಾಯ್ತದಾ?" ಎಂದಳು. ಅದು ಯಾರ ಪರವೆಂದು ಸೌಮ್ಯಳಿಗೆ ತಿಳಿಯಲಿಲ್ಲ. ಯಾರ ಪರವೂ ಅಲ್ಲದಿರಬಹುದು.

ಮರುದಿನ ಬೆಳಗ್ಗೆ ಗಂಡ ಡೇರಿಗೆ, ಮೋಹಿನಿ ಕಾಲೇಜಿಗೆ ಹೋದ ಮೇಲೆ ಸೌಮ್ಯ ಗೇಟು ತೆರೆದಳು. ಊರುಗೋಲನ್ನು ಮೊದಲು ಕೆಳಗೆ ಬಿಟ್ಟಳು. ಆಮೇಲೆ ಅಂಚಿನ ಮೇಲೆ ಕೂತು, ಒಳ್ಳೆಯ ಕಾಲನ್ನು ಕೆಳಗಿನ ಸೈಜುಗಲ್ಲಿಗೆ ಊರಿ, ಮೈಯನ್ನು ತೆವಳಿಸಿಕೊಂಡು ಬೀದಿಗೆ ಇಳಿದಳು. ಸೀರೆಯ ಹಿಂಭಾಗ ಮಣ್ಣಾಯಿತು. ಮರಿತಾಯಮ್ಮ ಎದುರು ಕಿಟಕಿಯಲ್ಲಿ ನಿಂತು ನೋಡಿದಳು. ಒಳಗಿನಿಂದ ಪಟ್ಟಲಮ್ಮನೂ ನೋಡಿದಳು, ಬೇಡವೆನ್ನಲಿಲ್ಲ.

ಗಾಡಿ ಹತ್ತಿ ಅಂಗಡಿಗೆ ಬಂದಾಗ ಅಂಕಯ್ಯ ಟ್ರೈಲರನ್ನು ಟ್ರಾಕ್ಟರಿಗೆ ಸಿಕ್ಕಿಸುವ ಮೂಕಿಗೆ ಬೆಸುಗೆ ಹಾಕುತ್ತಿದ್ದ. ರ‍್ಯಾಂಪು ಗೋಡೆಗೊರಗಿ ನಿಂತಿತ್ತು. ಕೊಯ್ದಿರಲಿಲ್ಲ. ಸೊಸೆಯನ್ನು ನೋಡಿ ಅವನು ಕನ್ನಡಕ ಎತ್ತಿದ.

"ಎಂಗವ್ವ ಇಳ್ದೆ?"

"ಕೂತ್ಕೊಂಡು ಇಳ್ದೆ. ಮಾವ, ಇನ್ನೊಂದು ಮಾಡ್ಕೊಡಿ."

"ಇನ್ನೊಂದು? ಆ ಕೀಲು ಬೆಸ್ದೋನು ನಾನು. ಅವ್ಳ ಬೆಳ್ಳು ಮುರುದ್ದು ನಾನು. ಇನ್ನು ನನ್ ಕೈಲಾಗಲ್ಲ, ಬುಡು."

"ಆ ಕೀಲಿನ ತಪ್ಪಲ್ಲ ಅದು." ಸೌಮ್ಯ ಗಾಡಿಯಿಂದ ಇಳಿಯಲಿಲ್ಲ. "ನೀವು ಗಾಡಿ ಅಳ್ತೆ ತಗೊಂಡ್ರಿ, ಗೇಟಿನ ಅಳ್ತೆ ತಗೊಂಡ್ರಿ. ನನ್ನ ಅಳ್ತೆ ತಗೊಳ್ಳಲಿಲ್ಲ."

"ನಿಂದು ಎಂಥದು?"

"ಇಲ್ಲಿ ಕೂತ್ಕೊಂಡ್ರೆ ನನ್ ಕೈ ಎಲ್ಲೀಗಂಟ ಹೋಗ್ತದೆ, ಎಷ್ಟು ಭಾರ ಎಳೀತದೆ, ಅದು. ಬೇರೆಯೋರು ಎತ್ತೋ ಹಂಗೆ ಮಾಡಿದ್ರಿ. ನಾನು ಎಳ್ಕೊಳ್ಳೋ ಹಂಗೆ ಮಾಡಿ."

ಅಂಕಯ್ಯ ಎದ್ದು ಹೋಗಿ ರ‍್ಯಾಂಪಿನ ಎರಡು ತುದಿಯ ಹಿಡಿಗಳನ್ನೇ ನೋಡಿದ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ರೇಗುತ್ತಿದ್ದ.

"ನೀನೇ ಆಕ್ಕೊಂಡೀಯಾ ಅಂತ ನಂಗೆ ಒಳೀಲೇ ಇಲ್ವಲ್ಲ," ಎಂದ. "ಕೈ ಚಾಚು. ಇನ್ನೂ ಚಾಚು."

ಮೊದಲ ಸಲ ಮಾಡಿದ್ದು ಕೆಟ್ಟಿತು. ಮಧ್ಯದ ಕೀಲು ತೆಗೆದು, ಗೇಟಿನ ಬುಡದಲ್ಲೇ ಕೀಲು ಕೊಟ್ಟು, ಪೈಪಿನ ಚೌಕಟ್ಟಿಗೆ ತೆಳು ತಗಡು ಹೊದಿಸಿದ್ದ. ಎತ್ತಿ ನಿಲ್ಲಿಸಿದರೆ ಗೇಟಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು, ಪಕ್ಕದಿಂದ ಹಗ್ಗ ಎಳೆದರೆ ಧಡಾರನೆ ಬೀದಿಗೆ ಬೀಳುತ್ತಿತ್ತು. ಬಿದ್ದ ಸದ್ದಿಗೆ ಮರಿತಾಯಮ್ಮ ಸೆರಗು ಹೊದೆಯುತ್ತಾ ಓಡಿಬಂದಳು. "ಮನೆ ಉಳೀತಾ ಅಂಕಣ್ಣ?"

ಬೀಳುವ ಭಾರ ತಡೆಯಲು ಅಂಕಯ್ಯ ಹಳೇ ಟ್ರೈಲರಿನ ಸ್ಪ್ರಿಂಗು ಹುಡುಕಿ ತಂದ. ಒಂದು ಸಾಲದೆ ಎರಡು ಹಾಕಿದ. ಆಗ ಅದು ಕೆಳಕ್ಕೇ ಬರಲಿಲ್ಲ. ಎಳೆದೂ ಎಳೆದೂ ಸೌಮ್ಯಳ ಅಂಗೈ ಕೆಂಪಾಯಿತು. ದಿನ ಸಂಜೆ ಅಂಗಡಿ ಮುಚ್ಚಿ ಬಂದು, ಊಟಕ್ಕೆ ಮುಂಚೆ ಅದೇ ಕೆಲಸ. ಪಟ್ಟಲಮ್ಮ ಹೊಸ್ತಿಲ ಮೇಲೆ ಕೂತು ಒಳ್ಳೆಯ ಕೈಯಲ್ಲಿ ತೋರಿಸುತ್ತಿದ್ದಳು.

"ಅಲ್ಲಿ ಬೆಳ್ಳು ತೂರೋ ಸಂದು ಅದೆ. ಮುಚ್ಚು."

"ಅಲ್ಲಿ ಯಾರಮ್ಮಿ ಬೆಳ್ಳಾಕ್ತಾರೆ?"

"ನಾನಾಕಿರ್ಲಿಲ್ವಾ? ಮುಚ್ಚು."

ಅಂಕಯ್ಯ ಹಳೆಯ ಟೈರು ಕೊಯ್ದು ಸಂದಿಗೆಲ್ಲ ರಬ್ಬರು ಹೊದಿಸಿದ. ಒಂದು ಸ್ಪ್ರಿಂಗನ್ನು ಸಡಿಲಿಸಿ, ಎತ್ತುವುದಕ್ಕೆ ಒಳಗೂ ಹೊರಗೂ ಕೈಗೆ ಸಿಗುವ ಹಾಗೆ ಸರಪಳಿ ಕಟ್ಟಿದ ಮೇಲೆ ಅದು ಸೌಮ್ಯಳ ಕೈಗೆ ಬಗ್ಗಿತು. ಮೋಹಿನಿ ಬ್ಯಾಟರಿ ಹಿಡಿದುಕೊಂಡು ನಿಂತಳು. "ಇದು ಎತ್ತಿ ನಿಲ್ಸಿದ್ರೆ ನಾವ್ ಆಚೆಗೆ ಓಗೋದೆಂಗೆ? ಇನ್ಮ್ಯಾಲೆ ಎಲ್ರೂ ಅತ್ಗೆ ಗೇಟಲ್ಲೇ ಓಡಾಡ್ಬೇಕಾ?"

"ಹಗ್ಗ ಅದೆಯಲ್ಲ, ಎಳ್ಕೊ," ಎಂದಳು ಸೌಮ್ಯ. ತನ್ನ ಮಾತು ತನಗೇ ಒರಟಾಗಿ ಕೇಳಿಸಿತು. ಮೋಹಿನಿ ಮಾತ್ರ ಎಳೆದು ನೋಡಿದಳು, ಒಂದು ಸಲ ಇಳಿಸಿ, ಒಂದು ಸಲ ಎತ್ತಿದಳು.

ರವಿಚಂದ್ರ ಈ ಯಾವುದಕ್ಕೂ ಕೈ ಹಚ್ಚಲಿಲ್ಲ. ಚಪ್ಪಲಿ ಬಿಟ್ಟು, ಅವರ ನಡುವಿನಿಂದ ದಾಟಿ ಒಳಗೆ ಹೋಗಿ ಟಿವಿ ಹಾಕುತ್ತಿದ್ದ. ಸೌಮ್ಯ ಸಾಹೇಬರಿಗೆ ತಾನೇ ಫೋನು ಮಾಡಿ, ಬಿಡುವುದಿಲ್ಲ, ಬರುತ್ತೇನೆ ಎಂದು ಹೇಳಿದ್ದು ಅವನಿಗೆ ಗೊತ್ತಿತ್ತು. ಒಂದೇ ಮಂಚದಲ್ಲಿ ಮಲಗಿ, ಒಂದೇ ಫ್ಲಾಸ್ಕಿನ ಕಾಫಿ ಕುಡಿದು, ಅದೊಂದನ್ನು ಬಿಟ್ಟು ಬೇರೆಯ ವಿಷಯ ಮಾತಾಡಿದರು.

ಸೋಮವಾರ ಸೌಮ್ಯ ಕೆಲಸಕ್ಕೆ ಹೋದಳು. ಯಾರನ್ನೂ ಕರೆಯಲಿಲ್ಲ. ಕೆಳಗೆ ಇಳಿದು, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಸರಪಳಿ ಎಳೆದಳು. ಸ್ಪ್ರಿಂಗು ನರಳಿತು, ರ‍್ಯಾಂಪು ಎದ್ದು ನಿಂತಿತು. ಆ ವಾರವೇ ಬಸರಾಳಿನಲ್ಲಿ ಮತ್ತೊಂದು ಶಿಬಿರವಿತ್ತು. ಹಿಂದಿನದಕ್ಕೆ ಒಲ್ಲೆನೆಂದವಳು ಈ ಸಲ ತಾನಾಗಿ ಹೆಸರು ಕೊಟ್ಟಳು. ಹೊಲದ ಬದುವಿನ ಮೇಲೆ ಕೂತು ರೈತರು ತಂದ ಮಣ್ಣಿನ ಚೀಲಗಳಿಗೆ ಚೀಟಿ ಬರೆದಳು. ಹಿಂತಿರುಗುವಾಗ ದಾರಿಯಲ್ಲಿ ನಿಲ್ಲಿಸಿ ಒಂದು ಕಟ್ಟು ಸೊಪ್ಪು ಕೊಂಡಳು. ಬೀದಿ ದೀಪಗಳು ಹತ್ತಿದ್ದವು. ಮನೆಗೆ ಫೋನು ಮಾಡಬೇಕೆಂದು ಎರಡು ಸಲ ಕೈ ಚೀಲಕ್ಕೆ ಹೋಯಿತು. ಮಾಡಲಿಲ್ಲ.

ಹಗ್ಗ ಎಳೆದು, ಹತ್ತಿ, ಮುಂದಿನ ಚಕ್ರವನ್ನು ಸ್ಟ್ಯಾಂಡಿಗೆ ಕೂರಿಸಿ, ರ‍್ಯಾಂಪು ಎತ್ತಿ, ನಡುಮನೆಗೆ ಕಾಲಿಟ್ಟಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಪಟ್ಟಲಮ್ಮ ಬೆಚ್ಚಿ ನೋಡಿದಳು.

"ಯಾವಾಗ್ ಬಂದ್ಯೆ? ಯಾರ್ ಆಕುದ್ರು?"

"ನಾನೇ ಅತ್ತೆ."

ಅಂಕಯ್ಯ ಮುದ್ದೆಯ ತುಣುಕನ್ನು ಸಾರಿನಲ್ಲಿ ಹೊರಳಿಸುತ್ತಲೇ ಇದ್ದ, ಬಾಯಿಗಿಡುವುದನ್ನು ಮರೆತವನ ಹಾಗೆ. ಸೌಮ್ಯ ಕೈ ತೊಳೆದು ಬಂದು ಮೋಹಿನಿಯ ಪಕ್ಕ ಕೂತಳು. ರವಿಚಂದ್ರ ತಟ್ಟೆ ನೋಡುತ್ತಲೇ ಕೇಳಿದ.

"ನಾಳೆ ಎಷ್ಟೊತ್ತಿಗೆ ಬತ್ತೀಯ?"

ಐದೂವರೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು.

"ಬಂದಾಗ ಬತ್ತೀನಿ," ಎಂದಳು.

ಮೋಹಿನಿ ಉಣ್ಣುವುದನ್ನು ನಿಲ್ಲಿಸಿದಳು. ರವಿಚಂದ್ರ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಆಮೇಲೆ ಮತ್ತೆ ಮುದ್ದೆ ಮುರಿದ. ಸೌಮ್ಯ ಸಾರಿಗೆ ಕೈ ಚಾಚಿದಳು, ಪಾತ್ರೆ ದೂರವಿತ್ತು. ಪಟ್ಟಲಮ್ಮ ಅದನ್ನು ನೋಡಿದಳು. ಸೆಟೆದುಕೊಂಡ ಎರಡು ಬೆರಳನ್ನು ಎತ್ತಿ ಹಿಡಿದು, ಉಳಿದ ಬೆರಳುಗಳಿಂದಲೇ ಸಾರಿನ ಪಾತ್ರೆಯನ್ನು ಸೊಸೆಯ ಹತ್ತಿರಕ್ಕೆ ತಳ್ಳಿದಳು.

"ಆರೋಯ್ತದೆ. ಉಣ್ಣು."